‘ದುಡಿಯಾಕ ಹೋಗ್ಯಾರ’: ಕಲಾದಗಿ ಸೀಮೆಯ ಕೆಲಸದ ನೂರೈವತ್ತು ವರ್ಷ

ನಮ್ಮ ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ‘ನಿರುದ್ಯೋಗಿ’ ಎಂಬ ಶಬ್ದ ಕೇಳುವುದು ಪದವಿ ಮುಗಿಸಿ ಸರ್ಕಾರಿ ನೌಕರಿಯ ಪರೀಕ್ಷೆ ಬರೆಯುತ್ತಿರುವ ಹುಡುಗರ ಬಗ್ಗೆ ಮಾತ್ರ. ಹೊಲದ ಕೂಲಿ ಸಿಗದ ಹೆಣ್ಣುಮಗಳನ್ನಾಗಲಿ, ಮಗ್ಗ ನಿಲ್ಲಿಸಿದ ನೇಕಾರನನ್ನಾಗಲಿ ಯಾರೂ ಹಾಗೆ ಕರೆಯುವುದಿಲ್ಲ. ಬಾದಾಮಿ ಕಡೆಯ ತಾಂಡಾಗಳಲ್ಲಿ, ಹುನಗುಂದದ ಮಳೆಯಾಶ್ರಿತ ಊರುಗಳಲ್ಲಿ ಬೀಗ ಬಿದ್ದ ಮನೆಯವರು ಎಲ್ಲಿ ಎಂದು ಕೇಳಿದರೆ ನೆರೆಯವರು ಹೇಳುವುದು ಎರಡೇ ಮಾತು: ‘ದುಡಿಯಾಕ ಹೋಗ್ಯಾರ.’ ಗೋವಾಕ್ಕೆ, ಮಂಗಳೂರಿಗೆ, ಮಹಾರಾಷ್ಟ್ರದ ಕೊಂಕಣ ಪಟ್ಟಿಗೆ.

ಆ ಎರಡು ಮಾತಿನ ಹಿಂದೆ ಒಂದು ಇತಿಹಾಸವಿದೆ. ನಮ್ಮ ಸೀಮೆಯಲ್ಲಿ ಕೆಲಸವಿಲ್ಲದವರು ಕೈಕಟ್ಟಿ ಕೂತು ಎಣಿಕೆಗೆ ಸಿಕ್ಕದ್ದು ಕಡಿಮೆ. ಎದ್ದು ಹೊರಟುಹೋದದ್ದೇ ಹೆಚ್ಚು. ಹೋದವರನ್ನು ಊರಿನ ಲೆಕ್ಕದಲ್ಲಿ ಹಿಡಿಯುವ ಪದ್ಧತಿ ಬ್ರಿಟಿಷರ ಕಾಲದಲ್ಲೂ ಇರಲಿಲ್ಲ, ಈಗಲೂ ಸರಿಯಾಗಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಮುಳುಗಡೆ ಬಾಗಿಲಿಗೆ ಬಂದಿರುವಾಗ ಈ ಹಳೆಯ ಲೆಕ್ಕ ತೆಗೆಯಬೇಕಾಗಿದೆ.

ಕಚೇರಿ ಇದ್ದ ಊರು

ಬಾಗಲಕೋಟೆಯಿಂದ ಬೆಳಗಾವಿ ರಸ್ತೆ ಹಿಡಿದರೆ ಘಟಪ್ರಭೆಯ ದಂಡೆಯಲ್ಲಿ ಸಿಗುವ ಕಲಾದಗಿ ಇಂದು ಹಣ್ಣಿನ ಊರು. 1864ರಲ್ಲಿ ಮುಂಬೈ ಇಲಾಖೆಯೊಳಗೆ ಹೊಸ ಜಿಲ್ಲೆ ರಚನೆಯಾದಾಗ ಇದೇ ಅದರ ಕೇಂದ್ರ. ಈಗಿನ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಬಹುಭಾಗಕ್ಕೆ ಕಲೆಕ್ಟರ್ ಕೂತಿದ್ದು ಇಲ್ಲಿ. ಸೈನ್ಯದ ಠಾಣ್ಯವೂ ಇತ್ತು.

ಕಚೇರಿ ಎಂದರೆ ಕಾರಕೂನರಷ್ಟೇ ಅಲ್ಲ. ಕುದುರೆಗೆ ಹುಲ್ಲು ತರುವವರು, ಬಂಡಿ ಹೊಡೆಯುವವರು, ಅಗಸರು, ಅಡುಗೆಯವರು, ಅರ್ಜಿ ಬರೆದುಕೊಡುವವರು, ಸಂತೆಗೆ ತರಕಾರಿ ತರುವ ಸುತ್ತಲಿನ ರೈತರು, ಹೀಗೆ ಒಂದು ಸಂಬಳದ ಬೆನ್ನಿಗೆ ಹತ್ತು ಹೊಟ್ಟೆ ಇರುತ್ತವೆ. ಮಳೆ ನಂಬಿದ ಸೀಮೆಯಲ್ಲಿ ಮಳೆಗೆ ಸಂಬಂಧವಿಲ್ಲದೆ ತಿಂಗಳು ತಿಂಗಳು ಹಣ ಹರಿಯುವ ಜಾಗ ಅದೊಂದೇ.

ಬರಗಾಲದ ಕೂಲಿ

ಜಿಲ್ಲೆಗೆ ಹನ್ನೆರಡು ವರ್ಷ ತುಂಬಿದಾಗ, 1876ರಲ್ಲಿ ಮಳೆ ಕೈಕೊಟ್ಟಿತು. ದಖ್ಖನವನ್ನೆಲ್ಲ ಆವರಿಸಿದ ಆ ಮಹಾಬರದಲ್ಲಿ ಮುಂಬೈ ಇಲಾಖೆಯ ಅತಿ ಹೆಚ್ಚು ನೊಂದ ಜಿಲ್ಲೆಗಳ ಸಾಲಿನಲ್ಲಿ ಕಲಾದಗಿಯೂ ಇತ್ತು. 1872ರ ಜನಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ 6.38 ಲಕ್ಷಕ್ಕೆ ಇಳಿದಿತ್ತು. ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಲೆಕ್ಕದಿಂದ ಕಾಣೆ. ಅವರಲ್ಲಿ ಸತ್ತವರೂ ಇದ್ದರು, ಊರು ಬಿಟ್ಟವರೂ ಇದ್ದರು. ಎರಡು ಗಣತಿಗಳ ನಡುವಿನ ವ್ಯತ್ಯಾಸ ಇಬ್ಬರನ್ನೂ ಒಂದೇ ಅಂಕಿಯಲ್ಲಿ ನುಂಗಿಬಿಡುತ್ತದೆ.

ಹೊಲದಲ್ಲಿ ಕೆಲಸ ನಿಂತಾಗ ಸರ್ಕಾರ ರಸ್ತೆ, ಕೆರೆಗಳ ಪರಿಹಾರ ಕಾಮಗಾರಿ ತೆರೆಯಿತು. 1877ರ ಜನವರಿಯಲ್ಲಿ ಬರ ನೋಡಿಕೊಳ್ಳಲು ಬಂದ ಸರ್ ರಿಚರ್ಡ್ ಟೆಂಪಲ್ ಕೂಲಿಯನ್ನು ಇಳಿಸಿದರು. ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಎಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯದ ಬೆಲೆ, ಅದರ ಮೇಲೆ ಅರ್ಧ ಆಣೆ. ಇಡೀ ದಿನ ಕಲ್ಲು ಒಡೆಯುವವನಿಗೆ ಅದು ಸಾಲುವುದಿಲ್ಲ. ಮುಂಬೈ ಇಲಾಖೆಯ ಕಾಮಗಾರಿಗಳಿಂದ ಜನ ಸಾವಿರಗಟ್ಟಲೆ ಹೊರನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಹಸಿದವರು ಕೂಲಿಗಾಗಿ ಮುಷ್ಕರ ಹೂಡಿದ ಅಪರೂಪದ ಅಧ್ಯಾಯವಿದು.

ಮನೆಯಿಂದ ದೂರದ ದೊಡ್ಡ ಕಾಮಗಾರಿಗೆ ಜನರನ್ನು ಕಳಿಸುವುದು ಆಗಿನ ಇನ್ನೊಂದು ನೀತಿ. ಹತ್ತಿರದಲ್ಲಿ ಕೆಲಸ ಕೊಟ್ಟರೆ ಎಲ್ಲರೂ ಬರುತ್ತಾರೆ, ದೂರವಾದರೆ ಗತಿಯಿಲ್ಲದವರಷ್ಟೇ ಬರುತ್ತಾರೆ ಎಂಬ ಲೆಕ್ಕಾಚಾರ. ಕೆಲಸ ಬೇಕೆಂದರೆ ಊರು ಬಿಡಬೇಕು ಎಂಬುದನ್ನು ಸರ್ಕಾರವೇ ಪರೀಕ್ಷೆಯಾಗಿ ಮಾಡಿತ್ತು.

ಕಚೇರಿ ಹೋಯಿತು, ರೈಲು ಬೇರೆ ಕಡೆ ಬಂತು

ಬರದ ಪಾಠವಾಗಿ ಬಂದ ಹೊಟಗಿ–ಗದಗ ರೈಲುಮಾರ್ಗ 1884ರ ಹೊತ್ತಿಗೆ ಬಾಗಲಕೋಟೆ, ಬಾದಾಮಿ ಮೇಲೆ ಹಾಯ್ದುಹೋಯಿತು. ಕಲಾದಗಿ ಮಾರ್ಗದಿಂದ ಹೊರಗುಳಿಯಿತು. ಮರುವರ್ಷ ಜಿಲ್ಲಾ ಕೇಂದ್ರವೂ ವಿಜಯಪುರಕ್ಕೆ ಎದ್ದುಹೋಯಿತು. ಅಲ್ಲಿ ಆದಿಲಶಾಹಿ ಕಾಲದ ಕಟ್ಟಡಗಳೇ ಸರ್ಕಾರಿ ಕಚೇರಿಗಳಾದವು. ಜಿಲ್ಲೆಯ ಹೆಸರೂ ಬದಲಾಯಿತು.

ಒಂದೂರಿನ ಉದ್ಯೋಗ ಒಂದು ಆದೇಶದಿಂದ ಎದ್ದುಹೋಗುವುದಕ್ಕೆ ನಮ್ಮ ಸೀಮೆಯ ಮೊದಲ ದೊಡ್ಡ ಉದಾಹರಣೆ ಇದು. ಅಧಿಕಾರಿ ವರ್ಗವಾದರೆ ಸಂಬಳವೂ ಜೊತೆಗೆ ಹೋಗುತ್ತದೆ. ಅವನ ಕುದುರೆಗೆ ಹುಲ್ಲು ತರುತ್ತಿದ್ದವನಿಗೆ ವರ್ಗಾವಣೆ ಇಲ್ಲ.

ಕಲಾದಗಿ ಸಾಯಲಿಲ್ಲ. ನದಿದಂಡೆಯ ಮಣ್ಣು, ಬಾವಿ ನೀರು ನೆಚ್ಚಿ ಚಿಕ್ಕು, ಪೇರಲ, ನಿಂಬೆ, ದಾಳಿಂಬೆ ಬೆಳೆದುಕೊಂಡಿತು. ತೋಟ ಇದ್ದಲ್ಲಿ ಕೂಲಿ ವರ್ಷವಿಡೀ ಹಂಚಿಕೊಂಡಿರುತ್ತದೆ: ಟೊಂಗೆ ಕತ್ತರಿಸುವುದು, ಪಾತಿ ಮಾಡುವುದು, ಹಣ್ಣು ಬಿಡಿಸುವುದು, ಆರಿಸಿ ತುಂಬುವುದು, ರಸ್ತೆ ಬದಿ ಕೂತು ಮಾರುವುದು. ಇದರಲ್ಲಿ ಬಹಳಷ್ಟು ಹೆಂಗಸರ ಕೆಲಸ. ಬಿಳಿಜೋಳದ ಎರೆ ಹೊಲದಲ್ಲಿ ಹಾಗಲ್ಲ. ಬಿತ್ತನೆ, ಕಳೆ, ಕೊಯ್ಲು ಮುಗಿದರೆ ತಿಂಗಳುಗಟ್ಟಲೆ ಕೆಲಸವಿಲ್ಲ. ಗುಳೆಯ ಮೂಲ ಈ ನಡುವಿನ ಖಾಲಿ ತಿಂಗಳುಗಳಲ್ಲಿದೆ. ತೋಟಕ್ಕೂ ಅದರದೇ ಆಪತ್ತು ಇದೆ. 2000ದ ನಂತರ ದುಂಡಾಣು ಅಂಗಮಾರಿ ರೋಗ ದಾಳಿಂಬೆಗೆ ಬಿದ್ದಾಗ ಜಿಲ್ಲೆಯ ಎಷ್ಟೋ ರೈತರು ಗಿಡ ಕಿತ್ತರು. ಬೆಳೆಗಾರನ ಸಾಲ ಸುದ್ದಿಯಾಯಿತು. ಹಣ್ಣು ಬಿಡಿಸುತ್ತಿದ್ದವರ ಕೂಲಿ ಹೋದದ್ದು ಸುದ್ದಿಯಾಗಲಿಲ್ಲ.

ಮಗ್ಗದ ಮನೆಯ ಲೆಕ್ಕ

ಹೊಲದ ಆಚೆ ಈ ಸೀಮೆಗೆ ಇದ್ದ ದೊಡ್ಡ ಆಸರೆ ಮಗ್ಗ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಕುಬಸದ ಖಣ ಎರಡಕ್ಕೂ ಈಗ ಭೌಗೋಳಿಕ ಗುರುತು ಸಿಕ್ಕಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಕುಣಿಕೆಯಾಗಿ ಕೂಡಿಸುವ ‘ಕೊಂಡಿ’ ಕೈಯಿಂದಲೇ ಆಗಬೇಕು.

ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುವವರು ಒಬ್ಬರು. ನೂಲು ಬಿಚ್ಚುವುದು, ಬಣ್ಣ ಹಾಕುವುದು, ಕಂಡಿಕೆ ಸುತ್ತುವುದು, ಹಾಸು ಹೂಡುವುದು ಮನೆಮಂದಿಯ ಕೆಲಸ. ಕೂಲಿ ಮಾತ್ರ ಸೀರೆಗೆ ಇಂತಿಷ್ಟು ಎಂದು ಒಬ್ಬರ ಕೈಗೆ ಬರುತ್ತದೆ. ಜನಗಣತಿಯಲ್ಲಿ ‘ಗೃಹ ಕೈಗಾರಿಕೆ’ ಎಂಬ ವಿಭಾಗವಿದೆ. ಆದರೆ ಎಣಿಸಲು ಬಂದವರ ಪ್ರಶ್ನೆಗೆ ಮನೆಯ ಯಜಮಾನ ‘ನಮ್ಮಾಕಿ ಮನ್ಯಾಗ ಇರ್ತಾಳ’ ಎಂದುಬಿಟ್ಟರೆ, ದಿನಕ್ಕೆ ಆರು ತಾಸು ಕಂಡಿಕೆ ಸುತ್ತಿದವಳು ಕೆಲಸ ಮಾಡದವರ ಪಟ್ಟಿಗೆ ಹೋಗುತ್ತಾಳೆ. ಮುಂದೆ ಆ ಮಗ್ಗ ನಿಂತರೆ ಕೆಲಸ ಕಳೆದುಕೊಂಡವನು ಒಬ್ಬನೇ ಎಂದಾಗುತ್ತದೆ; ನಿಜದಲ್ಲಿ ಮೂವರು.

ಮಗ್ಗ ಮಳೆಗೆ ಹೊರತಲ್ಲ. ಬೆಳೆ ಹೋದ ವರ್ಷ ರೈತ ಮೊದಲು ಬಿಡುವುದು ಹೊಸ ಬಟ್ಟೆ. ಬರದ ವರ್ಷಗಳಲ್ಲಿ ಪೇಟೆಯಲ್ಲಿ ಕಾಳು ಇದ್ದೂ ನೇಕಾರನ ಮನೆ ಉಪವಾಸ ಬೀಳುವುದು ಇದಕ್ಕೇ. ಹಸಿವು ಬರುವುದು ಧಾನ್ಯ ತೀರಿದಾಗಲೇ ಅಲ್ಲ, ಕೊಳ್ಳುವ ದಾರಿ ಮುಚ್ಚಿದಾಗಲೂ ಎಂದು ಅಮರ್ತ್ಯ ಸೇನ್ 1981ರಲ್ಲಿ ಬರೆದದ್ದನ್ನು ನಮ್ಮ ನೇಕಾರರ ಓಣಿಗಳು ಅನುಭವದಿಂದ ಬಲ್ಲವು. ವಿದ್ಯುತ್ ಮಗ್ಗದ ಅಗ್ಗದ ಸೀರೆ ಬಂದ ಮೇಲಂತೂ ಮಳೆ ಚೆನ್ನಾದ ವರ್ಷವೂ ಕೈಮಗ್ಗಕ್ಕೆ ಕಷ್ಟ. ಇಳಕಲ್ಲಿನ ಕೆಂಪು ಗ್ರಾನೈಟ್ ಗಣಿ, ಬಾಗಲಕೋಟೆಯ ಸಿಮೆಂಟ್ ಕಾರ್ಖಾನೆ, ಬಾದಾಮಿ–ಪಟ್ಟದಕಲ್ಲಿನ ಪ್ರವಾಸಿಗರು ಕೆಲವರಿಗೆ ಕೆಲಸ ಕೊಟ್ಟವು. ಆದರೆ ಮಗ್ಗ ಮನೆಯೊಳಗೇ ಹೆಂಗಸರಿಗೂ ಮುದುಕರಿಗೂ ಕೊಟ್ಟಿದ್ದ ಕೆಲಸ ಅವುಗಳಿಂದ ತುಂಬಿ ಬರಲಿಲ್ಲ.

ಅಣೆಕಟ್ಟಿನ ಕೆಳಗೆ, ಅಣೆಕಟ್ಟಿನ ಹಿಂದೆ

1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಜಲಾಶಯವನ್ನು ನಾಡಿಗೆ ಒಪ್ಪಿಸಿದರು. ನಡುವೆ 42 ವರ್ಷ. ಅಷ್ಟರಲ್ಲಿ ನಮ್ಮ ಸೀಮೆಯಲ್ಲಿ ಎರಡು ತಲೆಮಾರು ದುಡಿಯುವ ವಯಸ್ಸಿಗೆ ಬಂದಿತ್ತು. ಹಳೆ ಬಾಗಲಕೋಟೆಯ ತಗ್ಗಿನ ಭಾಗ ಮುಳುಗಿತು, ನವನಗರ ಎದ್ದಿತು. 1997ರ ಆಗಸ್ಟ್ 15ಕ್ಕೆ ಹೊಸ ಜಿಲ್ಲೆಯಾಗಿ, 112 ವರ್ಷದ ಹಿಂದೆ ಕಲಾದಗಿ ಕಳೆದುಕೊಂಡ ಜಿಲ್ಲಾ ಕಚೇರಿ ಹತ್ತಿರದ ಬಾಗಲಕೋಟೆಗೆ ಬಂತು.

ನೀರಾವರಿಯ ಹೆಚ್ಚಿನ ಪಾಲು ಹರಿದದ್ದು ವಿಜಯಪುರ, ಯಾದಗಿರಿ, ಕಲಬುರಗಿ, ರಾಯಚೂರು ಕಡೆಗೆ. ಮುಳುಗಿದ ಹೊಲದ ಒಡೆಯನಿಗೆ ಪರಿಹಾರ ಸಿಕ್ಕಿತು. ಕಡಿಮೆಯಾಯಿತೋ ತಡವಾಯಿತೋ, ನ್ಯಾಯಾಲಯಕ್ಕಾದರೂ ಹೋಗಲು ಅವನ ಕೈಯಲ್ಲಿ ಉತಾರ ಇತ್ತು. ಅದೇ ಹೊಲದಲ್ಲಿ ವರ್ಷಕ್ಕೆ ನೂರು ದಿನ ಕಳೆ ತೆಗೆದವಳ ಕೈಯಲ್ಲಿ ಏನಿತ್ತು? ಹಳೆ ಪೇಟೆಯ ಹಮಾಲನಿಗೆ, ಬಂಡಿ ರಿಪೇರಿಯ ಬಡಿಗೇರನಿಗೆ ಏನಿತ್ತು? ಊರು ಮುಳುಗುವ ಮೊದಲೇ ಗಿರಾಕಿ ಹೋಗಿರುತ್ತಾನೆ. ಮುಳುಗುವ ಹೊಲದಲ್ಲಿ ಯಾರೂ ತೋಟ ಹಾಕುವುದಿಲ್ಲ, ಮುಳುಗುವ ಓಣಿಯಲ್ಲಿ ಯಾರೂ ಮನೆ ಕಟ್ಟುವುದಿಲ್ಲ. ನೀರು ಬರುವುದಕ್ಕೆ ವರ್ಷಗಳ ಮೊದಲೇ ಕೂಲಿ ಬತ್ತುತ್ತದೆ.

ಎಣಿಸುವವರು ಬಂದಾಗ ಊರಲ್ಲಿ ಯಾರು?

ಸರ್ಕಾರದ ಕಾರ್ಮಿಕ ಸಮೀಕ್ಷೆ ಬಳಸುವ ಅಳತೆಗಳಲ್ಲಿ ಒಂದರ ಪ್ರಕಾರ, ಹಿಂದಿನ ಏಳು ದಿನಗಳಲ್ಲಿ ಯಾವುದೇ ಒಂದು ದಿನ ಒಂದು ತಾಸು ದುಡಿದಿದ್ದರೂ ಆ ವ್ಯಕ್ತಿ ಉದ್ಯೋಗಸ್ಥ. ಈ ಅಳತೆಗೆ ನಮ್ಮ ಹಳ್ಳಿಗಳಲ್ಲಿ ನಿರುದ್ಯೋಗಿಗಳು ಹೆಚ್ಚು ಸಿಗಲಾರರು. ಬಡವರು ಒಂದು ತಾಸೂ ದುಡಿಯದೆ ವಾರ ಕಳೆಯುವುದು ಹೇಗೆ?

ಜನಗಣತಿ ಇನ್ನೊಂದು ಬಗೆ. ವರ್ಷಕ್ಕೆ ಆರು ತಿಂಗಳು ದುಡಿದರೆ ಮುಖ್ಯ ದುಡಿಮೆಗಾರ, ಅದಕ್ಕೂ ಕಡಿಮೆಯಾದರೆ ಅಲ್ಪಾವಧಿ ದುಡಿಮೆಗಾರ. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಆ ಅವಧಿಯಿಡೀ ಗೋವಾದ ಕಟ್ಟಡದ ಶೆಡ್ಡಿನಲ್ಲಿ ಇದ್ದವರು ಗೋವಾದ ಲೆಕ್ಕಕ್ಕೆ ಸೇರಬೇಕು. ಅಲ್ಲಿ ಎಣಿಸುವವರು ಶೆಡ್ಡಿಗೆ ಬರದಿದ್ದರೆ ಎರಡೂ ಕಡೆ ಇಲ್ಲ. ಮುಂದಿನ ಗಣತಿಯೂ 2027ರ ಫೆಬ್ರವರಿಯಲ್ಲೇ.

ಹೋದವರನ್ನು ಎಲ್ಲರೂ ಕಣ್ಣಾರೆ ಕಂಡದ್ದು ಒಮ್ಮೆ, 2020ರ ಲಾಕ್‌ಡೌನ್‌ನಲ್ಲಿ ಅವರು ವಾಪಸ್ ಬಂದಾಗ. ಆಗ ಅವರ ಕೈಹಿಡಿದದ್ದು ಉದ್ಯೋಗ ಖಾತರಿ. 2005ರ ಆ ಕಾಯ್ದೆ ನಮ್ಮ ಜಿಲ್ಲೆಗೆ ಬಂದದ್ದು 2008ರ ಏಪ್ರಿಲ್‌ನಲ್ಲಿ. ಊರಿಂದ ಐದು ಕಿಲೋಮೀಟರ್ ಒಳಗೆ ಕೆಲಸ, ಮೀರಿದರೆ ಶೇ. 10 ಹೆಚ್ಚು ಕೂಲಿ, ಹೆಣ್ಣು ಗಂಡಿಗೆ ಒಂದೇ ದರ ಎಂದು ಅದರಲ್ಲಿ ಬರೆದಿತ್ತು. 1877ರ ‘ದೂರದ ಪರೀಕ್ಷೆ’ಯನ್ನು ಕಾಗದದ ಮೇಲಾದರೂ ತಿರುವಿಹಾಕಿದ್ದು ಈ ಕಾಯ್ದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಜಾಗಕ್ಕೆ 125 ದಿನದ ಹೊಸ ಕಾಯ್ದೆ ತಂದಿದೆ. ದಿನ ಎಷ್ಟು ಎಂಬುದರ ಜೊತೆಗೆ, ಖಾಲಿ ತಿಂಗಳಲ್ಲಿ ಕೇಳಿದವರಿಗೆ ಊರ ಹತ್ತಿರ ಕೆಲಸ ಸಿಗುತ್ತದೆಯೇ ಎಂಬುದನ್ನು ನಾವು ವರದಿಗಾರರು ಪಂಚಾಯಿತಿ ಪಂಚಾಯಿತಿಗೆ ಹೋಗಿ ನೋಡಬೇಕು.

ಈಗ ಬರೆಯಬೇಕಾದ ಹೆಸರುಗಳು

ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಒಪ್ಪಿತು. ಇದರಿಂದ ಮುಳುಗುವ ಜಮೀನು ಸುಮಾರು 75 ಸಾವಿರ ಎಕರೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಎಕರೆಗೆ ನೀರಾವರಿ ಜಮೀನಾದರೆ 40 ಲಕ್ಷ, ಒಣ ಬೇಸಾಯದ್ದಾದರೆ 30 ಲಕ್ಷ ರೂಪಾಯಿ ಎಂದು ನಿರ್ಧರಿಸಿತು. ದಶಕಗಳಿಂದ ಹೋರಾಡಿದ ರೈತರಿಗೆ ಇದು ದೊಡ್ಡ ಸುದ್ದಿ, ನಾವೂ ಅದನ್ನೇ ತಲೆಬರಹ ಮಾಡಿದೆವು. ಎಕರೆಯೇ ಇಲ್ಲದವರ ಮಾತು ಒಳಪುಟಕ್ಕೂ ಬರಲಿಲ್ಲ.

ಕಾನೂನಿನಲ್ಲಿ ಅವರಿಗೆ ಜಾಗವಿದೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ, ಸ್ವಾಧೀನಕ್ಕೆ ಮೊದಲಿನ ಮೂರು ವರ್ಷ ಅಲ್ಲಿ ದುಡಿದ, ಅದನ್ನೇ ಮುಖ್ಯವಾಗಿ ನಂಬಿದ ಕೃಷಿ ಕೂಲಿಕಾರರು, ಪಾಲಿಗೆ ಮಾಡುವವರು, ಕುಶಲಕರ್ಮಿಗಳೂ ಜಮೀನಿಲ್ಲದಿದ್ದರೂ ‘ಬಾಧಿತ ಕುಟುಂಬ’. ಅಂಥವರ ಕಳೆದುಹೋಗುವ ಜೀವನೋಪಾಯವನ್ನು ಪುನರ್ವಸತಿ ಸಮೀಕ್ಷೆಯಲ್ಲಿ ದಾಖಲಿಸಬೇಕು, ಗ್ರಾಮಸಭೆಯಲ್ಲಿ ವಿಚಾರಣೆ ನಡೆಯಬೇಕು ಎಂದೂ ಅದು ಹೇಳುತ್ತದೆ.

ತೊಡಕು ಇರುವುದು ಪುರಾವೆಯಲ್ಲಿ. ಹೊಲದ ಕೂಲಿಗೆ ರಸೀದಿ ಇಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಕೊಂಕಣದಲ್ಲಿ ಇದ್ದವರನ್ನು ‘ಇವರು ಇಲ್ಲಿಯವರೇ ಅಲ್ಲ’ ಎಂದು ತಳ್ಳಿಹಾಕುವುದು ಬಹಳ ಸುಲಭ. ಊರು ಉಳಿಸಿಕೊಳ್ಳಲೆಂದೇ ಊರು ಬಿಟ್ಟು ದುಡಿದವರಿಗೆ, ಬಿಟ್ಟದ್ದೇ ಮುಳುವಾಗಬಹುದು.

ಆದ್ದರಿಂದ ಮುಳುಗಡೆ ಪಟ್ಟಿಯಲ್ಲಿರುವ ಊರುಗಳ ಗೆಳೆಯರಲ್ಲಿ ನಮ್ಮದೊಂದು ಕೇಳಿಕೆ. ಸಮೀಕ್ಷೆಯವರು ಬರುವ ಮೊದಲೇ ಗ್ರಾಮಸಭೆಯಲ್ಲಿ ಒಂದು ಪಟ್ಟಿ ಮಾಡಿಸಿ: ಯಾರ ಹೊಲದಲ್ಲಿ ಯಾರು ದುಡಿದರು, ಎಷ್ಟು ವರ್ಷ, ಯಾವ ತಿಂಗಳು ಹೊರಗೆ ಹೋಗುತ್ತಾರೆ, ಯಾವಾಗ ಬರುತ್ತಾರೆ. ಕಂಡಿಕೆ ಸುತ್ತುವವರ ಹೆಸರು, ಹಣ್ಣು ಮಾರುವವರ ಹೆಸರು ಬರೆಸಿ. ಉದ್ಯೋಗ ಖಾತರಿಯ ಹಳೆ ಜಾಬ್ ಕಾರ್ಡುಗಳನ್ನು ಎಸೆಯಬೇಡಿ. ಈ ಊರಲ್ಲಿ ದುಡಿದಿದ್ದಕ್ಕೆ ಹಲವರ ಬಳಿ ಇರುವ ಕಾಗದ ಅದೊಂದೇ. ಸಭೆ ಇಡುವುದು ಯುಗಾದಿಯ ಆಸುಪಾಸಿನಲ್ಲಾದರೆ ಒಳಿತು. ಹೋದವರು ಹಬ್ಬಕ್ಕೆ ಬಂದಿರುತ್ತಾರೆ.