ಹಳಿಯೊಂದೇ ಸಾಕ್ಷಿಯಲ್ಲ
ಎರಡನೇ ಮಹಾಯುದ್ಧದ ಜರ್ಮನ್ ರೈಫಲ್‌ಗೆ ದೂರದರ್ಶಕ ಕೂತಿದ್ದರೆ ಸಂಗ್ರಾಹಕರು ಅದನ್ನು ಸ್ನೈಪರ್ ಬಂದೂಕೆಂದೇ ಬಗೆಯುತ್ತಾರೆ, ಬೆಲೆಯೂ ಏರುತ್ತದೆ. ವಾಲ್ಟರ್ ಕಂಪನಿ ರೂಪಿಸಿದ ಜಿ-43 ಈ ನಂಬಿಕೆಯನ್ನು ಸುಳ್ಳಾಗಿಸುತ್ತದೆ. 1943ರಲ್ಲಿ ಬಂದ ಈ ಅರೆ-ಸ್ವಯಂಚಾಲಿತ ರೈಫಲ್‌ಗಳು ಸುಮಾರು 4 ಲಕ್ಷ ತಯಾರಾದವು. ಬಹುಪಾಲು ರೈಫಲ್‌ಗಳ ಬಲಬದಿಯಲ್ಲೇ ದೂರದರ್ಶಕದ ಹಳಿ ಕೊರೆದಿತ್ತು. ನಾಲ್ಕು ಪಟ್ಟು ಹಿಗ್ಗಿಸುವ ಜೆಡ್‌ಎಫ್-4 ದೂರದರ್ಶಕ ದಕ್ಕಿದ್ದು ಮಾತ್ರ ಕೆಲವಕ್ಕೆ. ಸನ್ನೆ ಒತ್ತಿದರೆ ಕಳಚಿ ಬರುವ ಅದನ್ನು ಇಂದು ಯಾರು ಬೇಕಾದರೂ ಜೋಡಿಸಬಹುದು.

ರಣರಂಗದಲ್ಲೂ ಬಿಡಿಭಾಗಗಳು ಅದಲುಬದಲಾಗಿದ್ದವಲ್ಲ, ಹೀಗಿರುವಾಗ ಈ ತಕರಾರೇಕೆ ಎನ್ನಬಹುದು. ಆ ಮಾತು ನಿಜ. ಆದರೆ ಅಂದಿನ ಬದಲಾವಣೆ ಇತಿಹಾಸ, ಇಂದಿನದು ವ್ಯಾಪಾರ. ಕಬ್ಬಿಣವನ್ನಷ್ಟೇ ನೋಡಿ ಇವೆರಡನ್ನು ಬೇರ್ಪಡಿಸುವುದು ಕಷ್ಟ. ಅಮೆರಿಕನ್ ಸೈನಿಕರು ಯುದ್ಧಸ್ಮರಣಿಕೆ ಮನೆಗೊಯ್ಯಲು ಪಡೆದ, ಅಧಿಕಾರಿಯ ಸಹಿಯುಳ್ಳ ಅನುಮತಿಪತ್ರವೇ ಇಲ್ಲಿ ಹೆಚ್ಚು ನಂಬಲರ್ಹ. ಇಂಥ ಬಂದೂಕು ಇಟ್ಟುಕೊಂಡವರು ದಯವಿಟ್ಟು ಆ ಕಾಗದವನ್ನು ಅದರಿಂದ ಅಗಲಿಸಬೇಡಿ.