ಶುಗರ್ ಇದ್ದವರೆಲ್ಲ ಹೃದಯದ ಸ್ಕ್ಯಾನ್ ಮಾಡಿಸಬೇಕಾ?

2025ರ ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಕೇಳಿ ಜನ ಜಯದೇವ ಆಸ್ಪತ್ರೆಗಳ ಮುಂದೆ ಕ್ಯೂ ನಿಂತಿದ್ದರಲ್ಲ, ಅದೇ ದಿನಗಳಲ್ಲಿ ಅಪ್ಪನ ವಾಟ್ಸಾಪಿಗೆ ಒಂದು ಜಾಹೀರಾತು ಬಂತು. ಶುಗರ್ ಇದ್ದವರಿಗೆ ಹೃದಯದ ಸಿಟಿ ಸ್ಕ್ಯಾನ್, ರಿಯಾಯಿತಿ ದರದಲ್ಲಿ. ಅಪ್ಪನಿಗೆ ಶುಗರ್ ಬಂದು ಹನ್ನೆರಡು ವರ್ಷ, ಎದೆನೋವು ಇಲ್ಲ. ಮಾಡಿಸೋದಾ, ಬೇಡ್ವಾ ಅಂತ ಕೇಳಿದರು.

ಭಯ ಸುಳ್ಳಲ್ಲ. ಹಳೆಯ ಸಕ್ಕರೆ ಕಾಯಿಲೆ ನರಗಳನ್ನೂ ಕೆಡಿಸುವುದರಿಂದ, ಹೃದಯಕ್ಕೆ ರಕ್ತ ಸಾಲದಿದ್ದರೂ ಕೆಲವರಿಗೆ ನೋವೇ ಗೊತ್ತಾಗುವುದಿಲ್ಲ. ಜಾಹೀರಾತಿನಲ್ಲಿದ್ದದ್ದು ಕ್ಯಾಲ್ಸಿಯಂ ಸ್ಕೋರ್. ಇಂಜೆಕ್ಷನ್ ಇಲ್ಲದ ಈ ಸ್ಕ್ಯಾನ್ ಹೃದಯದ ರಕ್ತನಾಳಗಳ ಗೋಡೆಯಲ್ಲಿ ಕೂತ ಸುಣ್ಣದಂಶವನ್ನು ಅಳೆಯುತ್ತದೆ. ಸೊನ್ನೆ ಬಂದರೆ ಮುಂದಿನ ಕೆಲವು ವರ್ಷಗಳ ಅಪಾಯ ಕಡಿಮೆ. 100 ದಾಟಿದರೆ ಹೆಚ್ಚು, 400 ದಾಟಿದರೆ ಇನ್ನೂ ಹೆಚ್ಚು. ಆದರೆ ಇನ್ನೂ ಸುಣ್ಣಗಟ್ಟದ ಮೆತ್ತನೆಯ ಕೊಬ್ಬು ಇದರ ಕಣ್ಣಿಗೆ ಬೀಳುವುದಿಲ್ಲ.

ಅಪಾಯ ತಿಳಿದರೆ ಜೀವ ಉಳಿಯುತ್ತದಾ? ಅಮೆರಿಕ, ಕೆನಡಾಗಳಲ್ಲಿ ರೋಗಲಕ್ಷಣವಿಲ್ಲದ 1,123 ಮಧುಮೇಹಿಗಳ ಮೇಲೆ ಡಯಾಡ್ ಎಂಬ ಅಧ್ಯಯನ ನಡೆಯಿತು. ಅರ್ಧ ಜನಕ್ಕೆ ಹೃದಯದ ರಕ್ತಸಂಚಾರದ ಸ್ಕ್ಯಾನ್, ಉಳಿದರ್ಧಕ್ಕೆ ಇಲ್ಲ. ಫಲಿತಾಂಶ ಬಂದದ್ದು 2009ರಲ್ಲಿ. ಸುಮಾರು ಐದು ವರ್ಷಗಳಲ್ಲಿ ಹೃದಯಾಘಾತ ಅಥವಾ ಹೃದಯದ ಕಾರಣದ ಸಾವು ಸ್ಕ್ಯಾನ್ ಆದವರಲ್ಲಿ ಶೇ. 2.7, ಆಗದವರಲ್ಲಿ ಶೇ. 3. ಅಂದರೆ ವ್ಯತ್ಯಾಸವೇ ಇಲ್ಲ. 2014ರಲ್ಲಿ ಬಂದ ಫ್ಯಾಕ್ಟರ್-64 ಅಧ್ಯಯನ 900 ಜನರಲ್ಲಿ ಸಿಟಿ ಆಂಜಿಯೋಗ್ರಾಂ ಪರೀಕ್ಷಿಸಿತು. ಅಲ್ಲೂ ಖಚಿತವಾದ ಲಾಭ ಕಾಣಲಿಲ್ಲ. ಕಾರಣ ಊಹಿಸೋದು ಕಷ್ಟವಲ್ಲ: ಎರಡೂ ಗುಂಪಿನವರಿಗೆ ಬಿಪಿ, ಕೊಲೆಸ್ಟರಾಲ್ ಮಾತ್ರೆಗಳು ಚೆನ್ನಾಗಿಯೇ ಸಿಗುತ್ತಿದ್ದವು.

ನಲವತ್ತು ದಾಟಿದ ಮಧುಮೇಹಿಗೆ ಸ್ಕೋರ್ ಎಷ್ಟೇ ಇರಲಿ, ಸ್ಟ್ಯಾಟಿನ್ ಮಾತ್ರೆ ಕೊಡಿ ಎನ್ನುವುದೇ ಸಾಮಾನ್ಯ ಸಲಹೆ. ಹಾಗಿದ್ದ ಮೇಲೆ ಸ್ಕ್ಯಾನ್ ಬದಲಿಸುವುದೇನು? ನಲವತ್ತರ ಒಳಗಿನವರಿಗೆ, ಮಾತ್ರೆ ಬೇಕೋ ಬೇಡವೋ ಎಂದು ವೈದ್ಯರೇ ಅನುಮಾನದಲ್ಲಿರುವವರಿಗೆ ಅದು ಉಪಯೋಗಕ್ಕೆ ಬರಬಹುದು. ಮೆಟ್ಟಿಲು ಹತ್ತಿದರೆ ಏದುಸಿರು, ಕಾರಣವಿಲ್ಲದ ಸುಸ್ತು ಇದ್ದವರ ವಿಷಯ ಬೇರೆ. ಅವರು ಪ್ಯಾಕೇಜ್ ಹುಡುಕದೆ ನೇರ ವೈದ್ಯರ ಬಳಿ ಹೋಗಬೇಕು.

ಐಸಿಎಂಆರ್ 2023ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇಷ್ಟು ಜನರ ಹೃದಯ ಉಳಿಸಲು ಸರ್ಕಾರವನ್ನು ನಾವು ಕೇಳಬೇಕಾದ್ದು ಹೊಸ ಸ್ಕ್ಯಾನ್ ಯಂತ್ರವನ್ನಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳು ತಪ್ಪದೆ ಸಿಗುವ ಸ್ಟ್ಯಾಟಿನ್ ಮತ್ತು ಬಿಪಿ ಮಾತ್ರೆಯನ್ನು. ಜೊತೆಗೆ ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ. ಕಿಡ್ನಿಯ ಜೊತೆ ಹೃದಯದ ಅಪಾಯವನ್ನೂ ಅದು ಹೇಳುತ್ತದೆ. ಇವಕ್ಕೆ ಜಾಹೀರಾತು ಕೊಡುವವರು ಯಾರೂ ಇಲ್ಲ, ಬಿಡಿ.

ಅಪ್ಪನಿಗೆ ಆ ಮೂತ್ರ ಪರೀಕ್ಷೆ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಆಗಿರಲಿಲ್ಲ. ಸ್ಕ್ಯಾನ್ ಬಿಟ್ಟು ಅದನ್ನು ಮಾಡಿಸಿದೆವು.