ಬಾಲ್ಕನಿ ಮುಚ್ಚಿದ್ದು ಮಳೆಯಲ್ಲ

ದಾದರಿನಿಂದ ಬೊರಿವಲಿಯವರೆಗೆ ಹಳಿಯ ಪಕ್ಕದ ಹಳೆಯ ಹೌಸಿಂಗ್ ಸೊಸೈಟಿಗಳಲ್ಲಿ ತೆರೆದ ಬಾಲ್ಕನಿ ಹುಡುಕಿದರೆ ಸಿಗುವುದು ಕಷ್ಟ. ಒಂದಕ್ಕೆ ಅಲ್ಯುಮಿನಿಯಂ ಸ್ಲೈಡಿಂಗ್, ಪಕ್ಕದ್ದಕ್ಕೆ ಬಾಕ್ಸ್ ಗ್ರಿಲ್ಲು, ಅದರ ತಲೆಯ ಮೇಲೊಂದು ತಗಡಿನ ಪತ್ರಾ. ತೀರ ಮೇಲೆ, ಟೆರೇಸಿನಲ್ಲಿ, ಕಬ್ಬಿಣದ ಕಂಬ ನಿಲ್ಲಿಸಿ ಹೊದಿಸಿದ ನೀಲಿ ತಗಡು. ಕಾರಣ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಮಳೆ. ಟೆರೇಸಿನ ಮಟ್ಟಿಗೆ ಈ ಉತ್ತರ ಬಹುಪಾಲು ನಿಜ. ಬಾಲ್ಕನಿಯ ಮಟ್ಟಿಗೆ ಮಾತ್ರ ಅದೊಂದು ಅರ್ಧ ಸತ್ಯ. ಮುಂಬಯಿ ತನ್ನ ಹೊರಜಾಗವನ್ನು ಒಳಗೆ ಎಳೆದುಕೊಂಡದ್ದರ ಚರಿತ್ರೆಯನ್ನು ಹವಾಮಾನ ವರದಿಯಲ್ಲಿ ಹುಡುಕುವುದಕ್ಕಿಂತ ಕಟ್ಟಡ ನಿಯಮಗಳಲ್ಲಿ ಹುಡುಕುವುದು ಮೇಲು.

ಮಳೆಯೇ ಕಾರಣವಾಗಿದ್ದರೆ ಈ ಮುಚ್ಚುವಿಕೆ ಬಹಳ ಹಿಂದೆಯೇ ಶುರುವಾಗಬೇಕಿತ್ತು. ಎರಡು ಸಾವಿರ ಮಿಲಿಮೀಟರು ಮೀರಿದ ಮಳೆ ನಾಲ್ಕು ತಿಂಗಳಲ್ಲಿ ಸುರಿಯುವುದು ಈ ಊರಿಗೆ ಹೊಸದಲ್ಲ. ಗಿರ್ಗಾಂವಿನ ಖೋತಾಚಿವಾಡಿಯ ಮರದ ಮನೆಗಳಲ್ಲಿ ಬೀದಿಗೆ ಮುಖಮಾಡಿದ ಜಗಲಿ, ಹೊರಗಿನಿಂದಲೇ ಏರುವ ಮೆಟ್ಟಿಲು ಎರಡೂ ಇವೆ. ಜಗಲಿಯ ಮೇಲೆ ಮಾಡು ಇಳಿದು ಬಂದಿದೆ, ಸುತ್ತ ಗೋಡೆ ಎದ್ದಿಲ್ಲ. ಆ ಮಾಡಿನ ಹೆಂಚು ನಮ್ಮ ಕರಾವಳಿಯದು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ, ಹಡಗು ಹತ್ತಿ ಬಂದ ಮಂಗಳೂರು ಹೆಂಚು ಈ ಊರಿನ ಸೂರುಗಳನ್ನೆಲ್ಲ ಆವರಿಸಿತು. ಚಾಳುಗಳ ಗ್ಯಾಲರಿಯ ಕತೆಯೂ ಇದೇ. ಸಾಲು ಖೋಲಿಗಳ ಮುಂದಿನ ಆ ಉದ್ದ ಪಡಸಾಲೆ ಎರಚಲಿಗೆ ನೆನೆಯುತ್ತಿತ್ತು, ನಿಜ. ಅದಕ್ಕೆ ಜನ ಕಂಡುಕೊಂಡ ಪರಿಹಾರ ಕಟಾಂಜನದ ಮೇಲೆ ಇಳಿಬಿಟ್ಟ ಗೋಣಿತಾಟು, ತಾಡಪತ್ರಿ. ಮಳೆ ನಿಂತ ಮೇಲೆ ಅದನ್ನು ಸುತ್ತಿ ಅಟ್ಟಕ್ಕೆ ಸೇರಿಸುತ್ತಿದ್ದರು. ಇನ್ನೂ ಜೋರು ಮಳೆಯ ದಕ್ಷಿಣ ಕನ್ನಡದಲ್ಲಿ ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿ, ಮಳೆಗಾಲ ಕಳೆದ ಮೇಲೆ ಬಿಚ್ಚಿದ ಹಾಗೆ. ಜಗಲಿಯನ್ನು ಕೋಣೆ ಮಾಡುವ ಯೋಚನೆ ಆ ಮಳೆಗೆ ಹೊಳೆದಿರಲಿಲ್ಲ.

1930ರ ದಶಕದಲ್ಲಿ ಮರೀನ್ ಡ್ರೈವ್, ಓವಲ್ ಮೈದಾನದ ಅಂಚಿಗೆ ಕಾಂಕ್ರೀಟು ಬಂತು. ಹೆಂಚಿನ ಇಳಿಜಾರು ಹೋಗಿ ಚಪ್ಪಟೆ ತಾರಸಿ ಕೂತಿತು. ಆದರೂ ಆ ಆರ್ಟ್ ಡೆಕೊ ವಾಸ್ತುಶಿಲ್ಪಿಗಳು ಮಳೆಯನ್ನು ಮರೆತಿರಲಿಲ್ಲ. ದುಂಡಗೆ ತಿರುಗುವ ಬಾಲ್ಕನಿಗಳು, ಕಿಟಕಿಗಳ ಮೇಲೆ ಹುಬ್ಬಿನ ಹಾಗೆ ಚಾಚಿದ ಸಜ್ಜಾಗಳು ಕಡಲ ಗಾಳಿಯನ್ನು ಒಳಗೆ ಬಿಟ್ಟು ನೀರನ್ನು ಹೊರಗೆ ತಡೆದವು. 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಓವಲ್ ಸುತ್ತಲಿನ ಗಾಥಿಕ್ ಕಟ್ಟಡಗಳೊಡನೆ ಈ ಬಾಲ್ಕನಿಗಳೂ ಹೌದು. ಅವುಗಳಲ್ಲೂ ಎಷ್ಟೋ ಇಂದು ಗಾಜಿನ ಹಿಂದಿವೆ ಎಂಬುದು ಬೇರೆ ಮಾತು.

ತಿರುವು ಬಂದದ್ದು ಆಮೇಲೆ. 1947ರ ಬಾಡಿಗೆ ಕಾಯಿದೆ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆಗೆಂದು ಮನೆ ಕಟ್ಟುವ ಆಸೆ ಮಾಲೀಕರಿಗೆ ಬತ್ತಿತು; ಮಾರಾಟದ ಫ್ಲ್ಯಾಟು, ಅದರ ಹಿಂದೆ 1963ರ ಮಹಾರಾಷ್ಟ್ರ ಓನರ್‌ಶಿಪ್ ಫ್ಲ್ಯಾಟ್ಸ್ ಕಾಯಿದೆ ಬಂದವು. ಖೋಲಿಗೆ ಇಷ್ಟು ಎಂದಿದ್ದ ಬೆಲೆ ಚದರಡಿಗೆ ಇಷ್ಟು ಎಂದಾಯಿತು. ಮರುವರ್ಷದ, ಅಂದರೆ 1964ರ ಅಭಿವೃದ್ಧಿ ಯೋಜನೆಯೊಡನೆ ಎಫ್‌ಎಸ್‌ಐ ಎಂಬ ಲೆಕ್ಕ ಕಾಲಿಟ್ಟಿತು: ನಿವೇಶನದ ವಿಸ್ತೀರ್ಣಕ್ಕೆ ಇಂತಿಷ್ಟು ಪಾಲು ಮಾತ್ರ ಕಟ್ಟಬೇಕು. 1991ರ ನಿಯಮಗಳಲ್ಲಿ ಈ ಪಾಲು ದ್ವೀಪನಗರದಲ್ಲಿ 1.33, ಉಪನಗರಗಳಲ್ಲಿ 1. ಗಾಳಿ ಬೆಳಕಿನ ಮೇಲಿನ ಕಾಳಜಿಯಿಂದಲೇ ಇರಬೇಕು, ನೆಲದ ವಿಸ್ತೀರ್ಣದ ಶೇ. 10ರಷ್ಟು ಬಾಲ್ಕನಿಯನ್ನು ಈ ಲೆಕ್ಕದ ಹೊರಗಿಟ್ಟರು. ಅದರ ಬೆನ್ನಿಗೇ, ಪ್ರೀಮಿಯಂ ಕಟ್ಟಿದರೆ ಅದನ್ನು ಮುಚ್ಚಿಕೊಳ್ಳಲೂ ದಾರಿ ಕೊಟ್ಟರು. ಎರಡನ್ನೂ ಒಟ್ಟಿಗೆ ಓದಿ ನೋಡಿ: ತೆರೆದಿದ್ದರೆ ಪುಕ್ಕಟೆ, ಮುಚ್ಚಿದರೆ ಕೋಣೆ. ಬಿಲ್ಡರ್ ನಿಯಮ ಬಿಟ್ಟಷ್ಟೂ ಬಾಲ್ಕನಿ ಬರೆದ, ಕೊಳ್ಳುವವನು ಅದಕ್ಕೂ ಚದರಡಿ ದರ ತೆತ್ತ. 400 ಚದರಡಿ ಮನೆಗೆ 40 ಚದರಡಿ ಬಾಲ್ಕನಿ. ಹತ್ತಡಿ ಉದ್ದ, ನಾಲ್ಕಡಿ ಅಗಲ. ಪರೀಕ್ಷೆಗೆ ಓದುವ ಮಗನ ಮಂಚ ಅಲ್ಲಿ ಹಿಡಿಯುತ್ತದೆ. ನಕ್ಷೆಯ ಮೇಲೆ ಗೀಚುವಾಗಲೇ ಅದು ಬಾಗಿಲು ಕಾಯುತ್ತಿದ್ದ ಕೋಣೆ.

ಪ್ರೀಮಿಯಂ ಕಟ್ಟದೆ ಮುಚ್ಚಿದವರ ಕತೆ ಏನು, ಅದು ಬರೀ ದುರಾಸೆಯಲ್ಲವೇ ಎಂದು ಕೇಳಬಹುದು. ಪಾಲಿಕೆಯ 1888ರ ಕಾಯಿದೆಯ 351ನೇ ಕಲಮಿನ ನೋಟಿಸು, 1966ರ ನಗರ ಯೋಜನಾ ಕಾಯಿದೆಯ 53ನೇ ಕಲಮಿನ ನೋಟಿಸು ಇರುವುದು ಇಂಥ ಅನಧಿಕೃತ ಕೆಲಸಕ್ಕೇ. ಆದರೆ ಒಂದು ಕೆಲಸಕ್ಕೆ ದರ ಗೊತ್ತುಮಾಡಿದ ಮೇಲೆ ಅದು ತಪ್ಪಾಗಿ ಉಳಿಯುವುದಿಲ್ಲ, ಬಾಕಿಯಾಗುತ್ತದೆ. ದುಡ್ಡು ಕೊಟ್ಟರೆ ಸರಿ ಎನಿಸಿಕೊಳ್ಳುವುದನ್ನು ದುಡ್ಡು ಕೊಡದೆ ಮಾಡಿದವನಿಗೆ ಕಳ್ಳತನ ಮಾಡಿದೆನೆಂಬ ಅಳುಕು ಹುಟ್ಟುವುದು ಕಡಿಮೆ. ಮಕ್ಕಳು ಬೀಳುವ ಭಯ, ಕಳ್ಳರ ಭಯ ಎಂಬ ಇನ್ನೊಂದು ವಾದಕ್ಕೆ ಹೆಚ್ಚು ತೂಕವಿದೆ. ಆದರೆ ಅದಕ್ಕೆ ಗ್ರಿಲ್ಲು ಸಾಕು. ಹಾಲ್‌ನ ಗೋಡೆಯನ್ನೇ ಒಡೆದು ಬಾಲ್ಕನಿಯನ್ನು ಒಳಗೆ ಸೇರಿಸಿಕೊಳ್ಳುವುದಕ್ಕೆ ಯಾವ ಕಳ್ಳನೂ ಕಾರಣನಲ್ಲ. ಹೊರಕ್ಕೆ ಚಾಚಿದ ಸ್ಲ್ಯಾಬಿನ ಕಬ್ಬಿಣ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತಿರುವಾಗ ಅದರ ತುದಿಯ ಮೇಲೆ ಇಟ್ಟಿಗೆ ಏರಿಸುವುದು ಸುರಕ್ಷತೆಯ ಹೆಸರಿನಲ್ಲಿ ಅಪಾಯ ಕೊಂಡಂತೆ.

ಟೆರೇಸಿನ ತಗಡಿನ ವಿಷಯಕ್ಕೆ ಬಂದರೆ ಮಳೆಗೆ ಅದರ ನ್ಯಾಯ ಸಲ್ಲಲೇಬೇಕು. ತಾರಸಿಯ ಮೇಲೆ ಇಟ್ಟಿಗೆ ಚೂರು ಹಾಸಿ, ಸಿಮೆಂಟು ಸುರಿದು, ನೀರು ಹರಿಯಲು ಇಳಿಜಾರು ಕೊಟ್ಟು ಮಾಡುವ ಪದರಕ್ಕೆ ಇಲ್ಲಿಯವರು ಕೋಬಾ ಎನ್ನುತ್ತಾರೆ. ವರ್ಷ ಕಳೆದಂತೆ ಬಿಸಿಲಿಗೆ ಅದು ಬಿರಿಯುತ್ತದೆ, ಮೇಲಿನ ಮಹಡಿಯವರ ಚಾವಣಿ ತೊಟ್ಟಿಕ್ಕುತ್ತದೆ. ಕೋಬಾ ಕಿತ್ತು ಮತ್ತೆ ಹಾಕುವುದಕ್ಕಿಂತ ಮೇಲೆ ಇಳಿಜಾರಾಗಿ ತಗಡು ಹೊದಿಸುವುದು ಸೊಸೈಟಿಗೆ ಸುಲಭ. ಕಾಂಕ್ರೀಟು ಕೆಳಗಿಳಿಸಿದ್ದ ಹೆಂಚಿನ ಮಾಡು ಹೀಗೆ ಪತ್ರಾದ ವೇಷದಲ್ಲಿ ಹಳೆಯ ಜಾಗಕ್ಕೇ ಬಂದು ಕೂತಿತು. ಪಾಲಿಕೆಗೆ ಇದರ ಮೇಲೆ ಅನುಮಾನ ಇರುವುದು ಸಹಜ: ಇಂದು ಸೂರು, ನಾಳೆ ಸುತ್ತ ಗೋಡೆ, ನಾಡಿದ್ದು ಬಾಡಿಗೆಯ ಕೋಣೆ. ಬಾಲ್ಕನಿಯ ಚರಿತ್ರೆ ಕಂಡವರು ಆ ಅನುಮಾನವನ್ನು ತಳ್ಳಿಹಾಕಲಾರರು.

2012ರ ಜನವರಿಯಲ್ಲಿ ಲೆಕ್ಕ ಬದಲಾಯಿತು. ಬಾಲ್ಕನಿಯ ಜೊತೆಗೆ ಫ್ಲವರ್ ಬೆಡ್‌ನಂಥ ಹೆಸರುಗಳಲ್ಲಿ ಕೋಣೆಗೆ ಸೇರುತ್ತಿದ್ದ ಪುಕ್ಕಟೆ ಜಾಗಗಳೆಲ್ಲ ಎಫ್‌ಎಸ್‌ಐಗೆ ಸೇರಿದವು. ಬದಲಿಗೆ ವಸತಿ ಕಟ್ಟಡಗಳಿಗೆ ಶೇ. 35ರಷ್ಟು ಫಂಜಿಬಲ್ ಎಫ್‌ಎಸ್‌ಐ, ಅಂದರೆ ಪ್ರೀಮಿಯಂ ಕಟ್ಟಿ ಬೇಕಾದ ಹಾಗೆ ಬಳಸಬಹುದಾದ ಹೆಚ್ಚುವರಿ ಪಾಲು, ಸಿಕ್ಕಿತು. ಅದೇ ಮಳೆ ಬೀಳುವ ಊರಿನಲ್ಲಿ ಆಮೇಲೆ ಎದ್ದ ಎಷ್ಟೋ ಗೋಪುರಗಳಿಗೆ ಬಾಲ್ಕನಿಯೇ ಇಲ್ಲ. ಹಾಗಾಗಿ ಮುಚ್ಚುವ ಮಾತೂ ಇಲ್ಲ. ಇದ್ದಲ್ಲಿ ಅದರ ಹೆಸರು ಸನ್ ಡೆಕ್, ಬೆಲೆ ಅದಕ್ಕೆ ತಕ್ಕದ್ದು. 2016ರ ರಿಯಲ್ ಎಸ್ಟೇಟ್ ಕಾಯಿದೆ ರೇರಾ ಹೇಳುವ ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಮನೆಯೊಳಗಿನ ಬಳಕೆಯ ನೆಲದಲ್ಲಿ, ಬಾಲ್ಕನಿ ಇಲ್ಲ, ಎಫ್‌ಎಸ್‌ಐಯಲ್ಲಿ ಇದೆ. ಹಳೆಯ ಸೊಸೈಟಿ ರಿಡೆವಲಪ್‌ಮೆಂಟಿಗೆ ಹೊರಟರೆ ಬಿಲ್ಡರನಿಗೂ ಸದಸ್ಯರಿಗೂ ಜಗಳ ಹತ್ತುವುದು ಇಲ್ಲೇ: ಎಷ್ಟೋ ವರ್ಷದ ಹಿಂದೆ ಮುಚ್ಚಿ ಮಂಚ ಹಾಕಿದ ಆ 40 ಚದರಡಿ ಮನೆಯ ಒಳಗೋ, ಹೊರಗೋ?